ಹೂವಿನ ಪುಡಿ ಎಣಿಸುವವರ ಊರಿನಲ್ಲಿ

ಗುಂಡ್ಲುಪೇಟೆ

ಫ್ರಾನ್ಸಿಗೆ ಹೋಗಿ ಬಂದವನು ಐಫೆಲ್ ಗೋಪುರದ ಬಗ್ಗೆ ಬರೆಯಬೇಕು ಎಂಬುದು ನನ್ನ ಗೆಳೆಯರ ಆಸೆ. ಕ್ಷಮಿಸಬೇಕು, ನಾನು ಅದನ್ನು ನೋಡಲಿಲ್ಲ. ನೋಡಿದ್ದು ಒಬ್ಬ ಮುದುಕಿಯ ಮನೆ ತಾರಸಿ ಮೇಲಿದ್ದ ಒಂದು ಡಬ್ಬಿಯನ್ನು. ಅದನ್ನು ನೋಡಿದಾಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಈ ಕಥನವನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ಚಾಮರಾಜನಗರ ಜಿಲ್ಲೆಯಾದ ಮರುವರ್ಷದ ಮಾತು. ಆಗ ನಾನು ಒಂದು ಬೀಜದ ಕಂಪನಿಯಲ್ಲಿ ಸೂಪರ್‌ವೈಸರ್. ನಮ್ಮ ಸುತ್ತಿನ ರೈತರು ಕಂಪನಿಗೆ ಸೂರ್ಯಕಾಂತಿಯ ಹೈಬ್ರಿಡ್ ಬೀಜ ಬೆಳೆದುಕೊಡುತ್ತಿದ್ದರು. ಈ ಬೆಳೆಯಲ್ಲಿ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ಇಬ್ಬನಿ ಆರಿದ ಮೇಲೆ ಹೆಂಗಸರು ಅಂಗೈಗೆ ಬಟ್ಟೆ ಸುತ್ತಿಕೊಂಡು ಗಂಡು ಹೂವನ್ನು ಸವರಿ, ಅಂಟಿದ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಒರೆಸಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತೇವೆ. ಹೂವಿರುವಷ್ಟು ದಿನವೂ, ದಿನಾ ಬೆಳಿಗ್ಗೆ ಇದೇ ಕೆಲಸ. ಗಂಡಸರು ಇದಕ್ಕೆ ಇಳಿಯುವುದಿಲ್ಲ, ನಮ್ಮ ಕೈ ಒರಟಂತೆ. ಒಂದು ಹೂವೂ ತಪ್ಪಿಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ನಮ್ಮ ಹೊಲದಲ್ಲೂ ಬೀಜದ ಬೆಳೆ ಇತ್ತು. ಅಲ್ಲಿ ಕ್ರಾಸಿಂಗ್ ಮಾಡುವವರಲ್ಲಿ ನನ್ನ ಅಕ್ಕ ಮಾದೇವಮ್ಮನೂ ಒಬ್ಬಳು. ಭಾವ ಲಾರಿ ಡ್ರೈವರು, ಈರುಳ್ಳಿ ತುಂಬಿಕೊಂಡು ಕೇರಳದ ಕಡೆ ಹೋದರೆ ವಾರ ಕಳೆದು ಬರುವವರು. ಹಾಗಾಗಿ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಹೂ ಬಿಟ್ಟಿತೆಂದರೆ ಅವಳಿಗೆ ಸೀನು ಶುರು. ಒಂದಲ್ಲ, ಎರಡಲ್ಲ, ಸಾಲಾಗಿ ಹತ್ತು ಹನ್ನೆರಡು. ಕಣ್ಣು ಕೆಂಪಾಗುತ್ತಿತ್ತು, ಮೂಗು ಸೋರುತ್ತಿತ್ತು, ಸಂಜೆಯಾದರೆ ಎದೆ ಸುಯ್‌ಗುಟ್ಟುತ್ತಿತ್ತು. ಬೇರೆ ಹೆಂಗಸರೂ ಸೀನುತ್ತಿದ್ದರು. ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ, ನೆಗಡಿ ಕಣ್ರಮ್ಮ, ಮೆಣಸಿನ ಕಷಾಯ ಕುಡೀರಿ.

ಕಂಪನಿ ನನ್ನನ್ನು ಒಂದು ತಿಂಗಳ ತರಬೇತಿಗೆ ಫ್ರಾನ್ಸಿಗೆ ಕಳಿಸಿತು. ಹೊರಟ ಬೆಳಿಗ್ಗೆ ನಡೆದದ್ದನ್ನು ನೆನೆದರೆ ಮೈ ಉರಿಯುತ್ತದೆ. ಬಾಗಿಲಲ್ಲಿ ಜೀಪು ನಿಂತಿತ್ತು. ಅವ್ವ ಹಣೆಗೆ ವಿಭೂತಿ ಹಚ್ಚಿದಳು. ಅಕ್ಕ ಹೊಲದಿಂದ ನೇರ ಓಡಿ ಬಂದಳು. ಸೀರೆಯ ಮೇಲೆ ಭಾವನ ಹಳೆ ಶರ್ಟು, ತೋಳೆಲ್ಲ ಹಳದಿ. ತಮ್ಮ ವಿಮಾನ ಹತ್ತಲು ಹೊರಟಿದ್ದಾನೆ, ಇಂಥ ಹೊತ್ತಿನಲ್ಲಿ ಸೀನಬಾರದೆಂದು ಪಾಪ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬಂತು. ಹತ್ತನ್ನೂ ತಡೆದಳು, ಒಂದು ಮಾತ್ರ ತಪ್ಪಿಸಿಕೊಂಡಿತು.

ಒಂಟಿ ಸೀನು! ಹತ್ತು ಸೀನಿದ್ದರೆ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ತಡೆದದ್ದೇ ತಪ್ಪಾಯಿತು. ಇನ್ನೊಂದು ಸೀನಿ ಜೋಡಿ ಮಾಡು ಎಂದರು ದೊಡ್ಡಪ್ಪ. ಅಕ್ಕ ಸೆರಗಿನ ತುದಿಯ ಎಳೆ ತಿರುವಿ ಮೂಗಿಗೆ ಹಾಕಿಕೊಂಡಳು. ಬರಲಿಲ್ಲ. ನನ್ನನ್ನು ಒಳಗೆ ಕರೆದು ಕೂರಿಸಿ ನೀರು ಕುಡಿಸಿದರು. ಅವ್ವ ಅಕ್ಕನಿಗೆ ಬಾಯಿಗೆ ಬಂದಂತೆ ಬೈದು ಹಿತ್ತಲಿಗೆ ಅಟ್ಟಿದಳು. ನಾನು ನೀರು ಕುಡಿದು, ಬಾಯಿ ಒರೆಸಿಕೊಂಡು ಜೀಪು ಹತ್ತಿದೆ. ಹೋಗಿ ಬರ್ತೀನಿ ಅಕ್ಕ ಎಂದು ಹಿತ್ತಲಿಗೆ ಹೋಗಿ ಒಂದು ಮಾತು ಹೇಳಲಿಲ್ಲ.

ತುಲೂಸ್

ತುಲೂಸ್ ಫ್ರಾನ್ಸಿನ ದಕ್ಷಿಣದ ಪಟ್ಟಣ. ಅಲ್ಲಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ ನನಗೆ ತರಬೇತಿ ಕೊಡುವ ಫಾರಂ ಇತ್ತು. ಕರೆದೊಯ್ಯಲು ಬಂದವನ ಹೆಸರು ಅರುಳ್, ಫಾರಂನ ಡ್ರೈವರು. ಅವನ ಹಿರಿಯರು ಪಾಂಡಿಚೇರಿಯವರು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಫ್ರೆಂಚಂತೂ ಸೊನ್ನೆ. ಆದರೆ ಚಾಮರಾಜನಗರದ ಸಂತೆಯಲ್ಲಿ ಸತ್ಯಮಂಗಲದ ವ್ಯಾಪಾರಿಗಳ ಜೊತೆ ಜಗಳವಾಡಿ ಕಲಿತ ತಮಿಳು ಫ್ರಾನ್ಸಿನಲ್ಲಿ ನನ್ನ ಕೈ ಹಿಡಿಯಿತು. ನಾನು ತಮಿಳು ಆಡಿದ ಕೂಡಲೇ ಅರುಳ್ ಬಿದ್ದು ಬಿದ್ದು ನಕ್ಕ. ನನ್ನ ತಮಿಳಿನಲ್ಲಿ ಬೈಗುಳ ಜಾಸ್ತಿ, ಮಾತು ಕಡಿಮೆ ಎಂದ.

ಆ ಜನ ಉದ್ದನೆಯ ಬ್ರೆಡ್ಡನ್ನು ಕಾಗದ ಸುತ್ತದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುತ್ತಾರೆ, ನಮ್ಮವರು ಛತ್ರಿ ಇಟ್ಟುಕೊಳ್ಳುವ ಹಾಗೆ. ಊಟಕ್ಕೆ ಕೂತರೆ ಎರಡು ಗಂಟೆ ಏಳುವುದಿಲ್ಲ. ನಾನು ಹತ್ತು ನಿಮಿಷಕ್ಕೆ ಎದ್ದು ಕೈ ತೊಳೆಯಲು ಹೋದರೆ, ಅಡಿಗೆ ಸೇರಲಿಲ್ಲವೇ ಎಂದು ಅವರಿಗೆ ಬೇಜಾರು. ನಾನು ತಿನ್ನುತ್ತಿದ್ದದ್ದೇ ಬೇಯಿಸಿದ ಆಲೂಗಡ್ಡೆ, ಸೊಪ್ಪು. ಅದರಲ್ಲಿ ಸೇರುವುದೇನು, ಬಿಡುವುದೇನು?

ಫಾರಂನಲ್ಲೂ ಗಂಡು ಸಾಲು, ಹೆಣ್ಣು ಸಾಲು, ಎಲ್ಲ ನಮ್ಮ ಹಾಗೆಯೇ. ಆದರೆ ಕಣ್ಣು ಹಾಯುವಷ್ಟು ದೂರ ಒಬ್ಬ ಹೆಂಗಸೂ ಇರಲಿಲ್ಲ. ಹೊಲದ ಅಂಚಿಗೆ ಜೇನಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಕ್ರಾಸಿಂಗ್ ಯಾರು ಮಾಡುತ್ತಾರೆ ಎಂದು ಕೇಳಿದೆ. ತರಬೇತಿ ಕೊಡುವವನು ಪೆಟ್ಟಿಗೆ ತೋರಿಸಿದ. ಕೈಯಲ್ಲಿ ಮಾಡಿಸಿದರೆ ಕಾಳು ಚೆನ್ನಾಗಿ ಕಟ್ಟುತ್ತದೆ, ನಮಗೂ ಗೊತ್ತು, ಆದರೆ ಇಲ್ಲಿ ಕೈಗೆ ಬೆಲೆ ಜಾಸ್ತಿ, ನಿಮ್ಮಲ್ಲಿ ಕೈ ಅಗ್ಗ, ಅದು ನಿಮ್ಮ ಅದೃಷ್ಟ ಎಂದ. ಅರುಳ್ ಅದನ್ನು ತಮಿಳಿಗೆ ತಿರುಗಿಸಿ ಹೇಳಿದ. ನಾನು ಹೌದೌದು ಎಂದು ಹಲ್ಲು ಕಿರಿದೆ. ಅವನ ಮಾತಿಗಿಂತ ನನ್ನ ಆ ನಗು ಇವತ್ತಿಗೂ ನನಗೆ ಅಸಹ್ಯ.

ಮದಾಂ ಮನೆ

ನನಗೆ ಉಳಿಯಲು ಕೋಣೆ ಕೊಟ್ಟವರು ಮದಾಂ ಕೋಲೆತ್. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಬಹಳ ಕಾಲ ಔಷಧಿ ಅಂಗಡಿ ನಡೆಸಿ ಬಿಟ್ಟವರು. ಮಾತು ಕಡಿಮೆ, ಹುಬ್ಬು ಗಂಟು. ಮೊದಲ ದಿನವೇ ನನ್ನ ಹಣೆಯ ವಿಭೂತಿ ನೋಡಿ ಒದ್ದೆ ಬಟ್ಟೆ ತಂದು ಒರೆಸಲು ಬಂದರು. ಪೆಟ್ಟಾಗಿ ಮುಲಾಮು ಹಚ್ಚಿದ್ದೇನೆ ಎಂದುಕೊಂಡರಂತೆ.

ಹೋಗಿ ನಾಲ್ಕು ದಿನವಾಗಿತ್ತು, ನನಗೂ ಮೂಗು ಕಟ್ಟಿತು. ಅಲ್ಲಿ ಅದು ಹುಲ್ಲು ಹೂ ಬಿಡುವ ಕಾಲ. ಐದನೆಯ ಬೆಳಿಗ್ಗೆ ಹೊರಗೆ ಅರುಳ್ ಹಾರ್ನ್ ಹೊಡೆಯುತ್ತಿದ್ದ. ನಾನು ಹೊಸಿಲು ದಾಟಲು ಕಾಲೆತ್ತಿದೆ, ಒಂದು ಸೀನು ಬಂತು. ಕಾಯುತ್ತಾ ನಿಂತೆ, ಎರಡನೆಯದು ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ. ಹಿಂದಕ್ಕೆ ತಿರುಗಿ, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ನೀರು ಕೊಡಿ ಎಂದು ಸನ್ನೆ ಮಾಡಿದೆ. ಮದಾಂ ಗಾಬರಿಯಾದರು. ನನಗೆ ಎದೆನೋವು ಎಂದುಕೊಂಡು ಅಂಗಿಯ ಗುಂಡಿ ಬಿಚ್ಚಿದರು, ನಾಡಿ ಹಿಡಿದರು, ಕಾಲನ್ನೆತ್ತಿ ಮಣೆಯ ಮೇಲಿಟ್ಟರು. ಅರುಳ್ ಒಳಗೆ ಬಂದು ವಿಷಯ ಕೇಳಿ ನಗುತ್ತಲೇ ವಿವರಿಸಿದ.

ಮದಾಂ ನಗಲಿಲ್ಲ. ತಮ್ಮಲ್ಲಿ ಯಾರಾದರೂ ಸೀನಿದರೆ, ನಿಮ್ಮ ಆಸೆ ಈಡೇರಲಿ ಎಂದು ಹಾರೈಸುತ್ತಾರೆ ಎಂದರು. ನಮ್ಮಲ್ಲಿ ಎಳೆ ಮಗು ಸೀನಿದರೆ ಚಿರಂಜೀವಿ ಅನ್ನುತ್ತೇವೆ. ಬೆಳೆದ ಹೆಣ್ಣುಮಗಳು ಸೀನಿದರೆ ಹಿತ್ತಲಿಗೆ ಕಳಿಸುತ್ತೇವೆ. ನೆಗಡಿಯೇ ಎಂದು ಮದಾಂ ಕೇಳಿದಾಗ, ಹೌದು, ನಮ್ಮ ಅಕ್ಕನಿಗಂತೂ ತಿಂಗಳುಗಟ್ಟಲೆ ಇರುತ್ತದೆ, ಪ್ರತಿ ವರ್ಷ ಬರುತ್ತದೆ ಎಂದು ಬಾಯಿಬಿಟ್ಟೆ. ನೆಗಡಿ ಒಂದು ವಾರ ಇದ್ದು ಹೋಗಬೇಕು, ಪ್ರತಿ ವರ್ಷ ಅದೇ ಹಂಗಾಮಿಗೆ ಬಂದರೆ ಅದು ನೆಗಡಿಯಲ್ಲ ಎಂದು ಆಕೆ ಎದ್ದು, ಇಬ್ಬರನ್ನೂ ಮೇಲಕ್ಕೆ ಕರೆದರು.

ತಾರಸಿಯ ಮೇಲೆ

ಅಲ್ಲಿತ್ತು ಆ ಡಬ್ಬಿ. ಅದಕ್ಕೊಂದು ತಗಡಿನ ಬಾಲ. ಗಾಳಿ ಯಾವ ಕಡೆಯಿಂದ ಬಂದರೆ ಆ ಕಡೆಗೆ ತನ್ನ ಬಾಯಿ ತಿರುಗಿಸಿಕೊಳ್ಳುತ್ತದೆ. ಒಳಗಿನ ಅಂಟು ಪಟ್ಟಿಯ ಮೇಲೆ ಗಾಳಿಯಲ್ಲಿದ್ದ ಹೂವಿನ ಪುಡಿ ಕೂರುತ್ತದೆ. ವಾರಕ್ಕೊಮ್ಮೆ ಮದಾಂ ಆ ಪಟ್ಟಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟು, ಯಾವ ಗಿಡದ್ದು ಎಷ್ಟು ಎಂದು ಎಣಿಸಿ ಪಟ್ಟಣಕ್ಕೆ ಕಳಿಸುತ್ತಾರೆ. ಅಲ್ಲಿಂದ ಅದು ಪತ್ರಿಕೆಗೆ ಹೋಗುತ್ತದೆ, ಔಷಧಿ ಅಂಗಡಿಯ ಬಾಗಿಲಿಗೆ ಹೋಗುತ್ತದೆ. ಈ ವಾರ ಹುಲ್ಲಿನ ಪುಡಿ ಜಾಸ್ತಿ, ಉಬ್ಬಸದವರು ಬೆಳಿಗ್ಗೆ ಕಿಟಕಿ ಮುಚ್ಚಿ ಎಂದು ಬರೆದು ಅಂಟಿಸುತ್ತಾರೆ. ಈ ಯಂತ್ರ ಎಷ್ಟು ಗಾಳಿ ಎಳೆಯುತ್ತದೆ ಎಂದು ಕೇಳಿದೆ. ಒಬ್ಬ ಮನುಷ್ಯ ಉಸಿರಾಡುವಷ್ಟು ಎಂದರು. ಜನ ಕೆಮ್ಮಬಾರದೆಂದು ಅಲ್ಲಿ ಒಂದು ಯಂತ್ರ ಉಸಿರಾಡುತ್ತಿತ್ತು. ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು, ಜೊತೆಗೆ ಅದನ್ನು ಒದ್ದು ಬೀಳಿಸಬೇಕೆಂದೂ ಅನ್ನಿಸಿತು.

ಮದಾಂ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದರು. ಅಂಗಡಿ ನಡೆಸುತ್ತಿದ್ದ ಕಾಲದಿಂದ, ಯಾವ ಮರ ಯಾವಾಗ ಹೂ ಬಿಟ್ಟಿತು, ಮೊದಲ ಉಬ್ಬಸದ ಗಿರಾಕಿ ಯಾವ ದಿನ ಬಂದ ಎಂದು ಬರೆದಿಟ್ಟಿದ್ದರು. ಹಿಂದೆ ಚಳಿ ಮುಗಿದ ಮೇಲೆ ಬರುತ್ತಿದ್ದ ಹೂ ಈಗ ಚಳಿಯ ನಡುವೆಯೇ ಬರುತ್ತಿದೆ, ಬೇಗ ಬಂದು ತಡವಾಗಿ ಹೋಗುತ್ತಿದೆ, ಪುಡಿಯೂ ಜಾಸ್ತಿ. ಚಿಮಣಿ, ಕಾರುಗಳ ಹೊಗೆಯಿಂದ ಭೂಮಿ ಕಾಯುತ್ತಿದೆ, ಸೆಖೆಗೆ ಮರಗಳು ಕ್ಯಾಲೆಂಡರ್ ಮರೆತಿವೆ, ಮೂಗಿನವರಿಗೆ ಬಿಡುವೇ ಇಲ್ಲ ಎಂದರು.

ನಾನು ನಮ್ಮ ಮಳೆಗಳ ವಿಷಯ ಹೇಳಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ತಾತ ಕಣ್ಣು ಮುಚ್ಚಿಕೊಂಡು ಬಿತ್ತುತ್ತಿದ್ದ. ಈಗ ಭರಣಿ ಎಂದು ನಂಬಿ ಬಿತ್ತಿದರೆ ಬೀಜ ಸುಟ್ಟುಹೋಗುತ್ತದೆ. ಆ ವರ್ಷ ನಮ್ಮ ಹೊಲದ ಕೆಳಗಿನ ತಾಕನ್ನು ಎರಡನೆಯ ಸಲ ಬಿತ್ತಿದ್ದೆವು. ಮೇಲಿನ ತಾಕಿನ ಹೂ ಮುಗಿಯುವಷ್ಟರಲ್ಲಿ ಕೆಳಗಿನದು ಅರಳುತ್ತದೆ. ಬೋರ್‌ವೆಲ್ ಬಂದ ಮೇಲೆ ಬೇಸಿಗೆಯಲ್ಲೂ ಹೂವೇ. ಅಕ್ಕನ ಮೂಗಿಗೆ ಬಿಡುವು ಕೊಡುವ ತಿಂಗಳೇ ಉಳಿದಿರಲಿಲ್ಲ. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಗುತ್ತಾ ಬಂತು.

ಮದಾಂ ತೋಟದಿಂದ ಒಂದು ಸೂರ್ಯಕಾಂತಿ ತಂದು, ಅದರ ಪುಡಿಯನ್ನು ಗಾಜಿನ ಮೇಲೆ ಉದುರಿಸಿ ತೋರಿಸಿದರು. ನಾನು ವರ್ಷಗಟ್ಟಲೆ ಹಿಟ್ಟಿನಂತೆ ಮೆತ್ತಗಿದೆ ಎಂದುಕೊಂಡಿದ್ದದ್ದು ಹರಳುಕಾಯಿಯ ಹಾಗೆ ಮೈಯೆಲ್ಲ ಮುಳ್ಳು ಮುಳ್ಳಾಗಿತ್ತು. ಅದರದೊಂದು ಫೋಟೋ ಆಕೆಯ ಬಳಿ ಇತ್ತು, ಕೊಟ್ಟರು. ಆಮೇಲೆ ಹೇಳಿದ ಮಾತನ್ನು ಅರುಳ್ ಮೆಲ್ಲಗೆ ತಮಿಳಿಗೆ ತಂದ. ಈ ಪುಡಿ ಭಾರ, ಡಬ್ಬಿಯಲ್ಲಿ ಸಿಗುವುದೇ ಅಪರೂಪ, ದೂರ ಹಾರುವುದಿಲ್ಲ, ಹೂವಿಗೆ ಮುಖವಿಟ್ಟು ಕೆಲಸ ಮಾಡುವವರಿಗೆ ಮಾತ್ರ ಅಪಾಯ. ಆದರೆ ಹಾಗೆ ಯಾರು ಮಾಡುತ್ತಾರೆ ಎಂದು ಮದಾಂ ನನ್ನನ್ನೇ ಕೇಳಿದರು.

ನಾನು ಫೋಟೋವನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದೆ.

ಟೆಲಿಫೋನ್ ಬೂತು

ಮೂರನೆಯ ವಾರ ಮನೆಗೆ ಫೋನು ಮಾಡಿದೆ. ಮನೆಗೆ ಎಂದರೆ ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ. ಅಂಗಡಿಯವನು, ಹತ್ತು ನಿಮಿಷ ಬಿಟ್ಟು ಮಾಡಿ, ನಿಮ್ಮವರನ್ನು ಕರೆಸುತ್ತೇನೆ ಎಂದ. ಚರ್ಚಿನ ಎದುರಿನ ಗಾಜಿನ ಗೂಡಿನಲ್ಲಿ, ಉರಿಯುವ ಮಧ್ಯಾಹ್ನದಲ್ಲಿ ಕಾದೆ. ಎರಡನೆಯ ಸಲ ಫೋನೆತ್ತಿದವರು ದೊಡ್ಡಪ್ಪ. ಅಕ್ಕನಿಗೆ ಹೊಲದಲ್ಲೇ ಉಸಿರು ಕಟ್ಟಿತ್ತಂತೆ. ತುಟಿ ನೀಲಿಗಟ್ಟಿ ಬಿದ್ದವಳನ್ನು ಯಾವುದೋ ತರಕಾರಿ ಲಾರಿ ನಿಲ್ಲಿಸಿ ಮೈಸೂರಿಗೆ ಸಾಗಿಸಿದರಂತೆ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾಳೆ, ನೀನು ಗಾಬರಿಯಾಗಬೇಡ ಎಂದರು. ಆಮೇಲೆ ದನಿ ತಗ್ಗಿಸಿದರು.

"ಅದು ಟೀಬಿ ಇರ್ಬೇಕು ಕಣ್ಲಾ ಮಲ್ಲೇಸ. ಯಾರ್ಗೂ ಏಳ್ಬೇಡ, ಮಾನ ಓಯ್ತದೆ."

ಅದು ಟೀಬಿಯಲ್ಲ, ಹೂವಿನ ಪುಡಿ, ಅವಳನ್ನು ಹೊಲಕ್ಕೆ ಕಳಿಸಬೇಡಿ ಎಂದು ಕಿರುಚಿದೆ. ಅಷ್ಟರಲ್ಲಿ ಕಾರ್ಡು ಮುಗಿದು ಲೈನು ಕಟ್ಟಾಯಿತು. ನನ್ನ ಮಾತು ಅಲ್ಲಿಗೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಕಾರ್ಡು ಮಾರುವ ಅಂಗಡಿಯವನು ಊಟಕ್ಕೆ ಬಾಗಿಲು ಹಾಕಿದ್ದ. ಎರಡು ಗಂಟೆಯ ಊಟ! ಆ ಬಾಗಿಲನ್ನು ಗುದ್ದಿದೆ. ಬೀದಿಯಲ್ಲಿ ಬ್ರೆಡ್ಡು ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ಆ ಕ್ಷಣ ನನಗೆ ಎಲ್ಲರ ಮೇಲೂ ಕೋಪ. ಹೊಗೆ ಬಿಟ್ಟು ಭೂಮಿಯನ್ನು ಕಾಯಿಸಿದವರು ಕಿಟಕಿ ಮುಚ್ಚಿಕೊಂಡು ಕ್ಷೇಮವಾಗಿದ್ದಾರೆ. ಜೀವಮಾನದಲ್ಲಿ ಒಂದು ಒಲೆಯ ಹೊಗೆ ಬಿಟ್ಟು ಬೇರೆ ಹೊಗೆ ಮಾಡದ ನಮ್ಮಕ್ಕ ಉಸಿರಿಗೆ ಬಾಯಿ ಬಿಡುತ್ತಿದ್ದಾಳೆ. ಟಿಕೆಟ್ಟನ್ನು ಮುಂಚೆ ಮಾಡಿಕೊಡಿ ಎಂದು ಫಾರಂನಲ್ಲಿ ಅಂಗಲಾಚಿದೆ, ಆಗಲಿಲ್ಲ. ಉಳಿದ ದಿನಗಳಲ್ಲಿ ಏನು ಕಲಿತೆನೋ ಒಂದೂ ನೆನಪಿಲ್ಲ.

ಮತ್ತೆ ಊರು

ಮನೆಗೆ ಬಂದಾಗ ಬೆಳಗಿನ ಎಂಟು ಗಂಟೆ. ಅಕ್ಕ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಅರ್ಧ ಆಗಿದ್ದಳು. ಕಿಟಕಿಯಲ್ಲಿ ಅವಳ ಲೋಟ, ತಟ್ಟೆ ಬೇರೆ ಇಟ್ಟಿದ್ದರು. ನೋಡಿದ್ದೇ ತಲೆ ಕೆಟ್ಟಿತು. ಆ ಲೋಟದಲ್ಲೇ ನನಗೆ ಕಾಫಿ ಕೊಡು ಎಂದು ಅವ್ವನ ಮೇಲೆ ಹಾರಾಡಿದೆ. ಅವ್ವ ಅಳುತ್ತಾ ಕೊಟ್ಟಳು, ಕುಡಿದೆ.

ಮೈಸೂರಿನ ಡಾಕ್ಟರು ಉಬ್ಬಸ ಎಂದೇ ಹೇಳಿದ್ದರು, ಧೂಳಿನಿಂದ ದೂರ ಇಡಿ ಎಂದೂ ಹೇಳಿದ್ದರು. ಧೂಳು ಎಂದರೆ ಅವ್ವನಿಗೆ ಗೊತ್ತಿದ್ದದ್ದು ಲಾರಿ ಎಬ್ಬಿಸುವ ಧೂಳು. ಹಾಗಾಗಿ ರಸ್ತೆ ಕಡೆಯ ಬಾಗಿಲು ಹಾಕಿ, ಹೊಲದ ಗಾಳಿ ಒಳ್ಳೆಯದೆಂದು ಮೂರು ಬೆಳಿಗ್ಗೆ ಅಕ್ಕನನ್ನು ಹೊಲಕ್ಕೆ ಕಳಿಸಿದ್ದಳು. ಸುಮ್ಮನೆ ಕೂತಿರುವ ಬದಲು ನಾಲ್ಕು ಸಾಲು ಕ್ರಾಸಿಂಗ್ ಮಾಡಲಿ ಎಂದು. ಅವ್ವನನ್ನು ಏನೆಂದು ಬೈಯಲಿ? ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಿದ್ದಳು.

ನಾನು ಅಕ್ಕನ ಎದುರು ಕೂತು ಮದಾಂ ಕೊಟ್ಟ ಫೋಟೋ ತೋರಿಸಿ ಅವರ ವಿಷಯ ಹೇಳಿದೆ. ಇದು ನೆಗಡಿಯಲ್ಲ, ಟೀಬಿಯಲ್ಲ, ಈ ಪುಡಿಯೇ ನಿನ್ನ ಎದೆಗೆ ಇಳಿದಿರುವುದು, ಸೆಖೆ ಹೆಚ್ಚಾಗಿ ಮಳೆ ತಪ್ಪಿ ಹೂವಿನ ಕಾಲ ಉದ್ದವಾಗುತ್ತಿದೆ, ಅದಕ್ಕೇ ವರ್ಷವರ್ಷಕ್ಕೂ ನಿನಗೆ ಜಾಸ್ತಿಯಾಗುತ್ತಿದೆ ಎಂದು ದೊಡ್ಡ ಪಂಡಿತನ ಹಾಗೆ ವಿವರಿಸಿದೆ. ಅಕ್ಕ ಫೋಟೋವನ್ನು ಹತ್ತಿರ ಹಿಡಿದು ನೋಡಿದಳು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಂಡಳು.

"ನಾನೂ ಇದ್ನೇ ಅಲ್ವೇನ್ಲಾ ನಾಕು ವರ್ಸದಿಂದ ಬಡ್ಕತಿದ್ದುದ್ದು? ಈ ಪುಡಿ ನಂಗಾಗಾಕಿಲ್ಲ, ವರ್ಸ ವರ್ಸ ಮುಂಚೇನೆ ಸುರುವಾಯ್ತದೆ ಅಂತ. ನಾನೇಳುದ್ರೆ ಕೇಳ್ನಿಲ್ಲ. ಆ ಯಮ್ಮ ಯೋಳುದ್ಲು, ನಂಬ್ಕಬುಟ್ಟೆ."

ನಿಜ. ಹೇಳಿದ್ದಳು. ಮೆಣಸಿನ ಕಷಾಯ ಕುಡಿ ಎಂದದ್ದು ನಾನೇ. ಇಷ್ಟು ದಿನ ಊರೂರು ಹೊತ್ತು ತಿರುಗಿದ ಸಿಟ್ಟೆಲ್ಲ ಬಂದು ನನ್ನ ಮೇಲೆಯೇ ಕೂತಿತು. ಇನ್ನು ನೀನು ಹೊಲಕ್ಕೆ ಕಾಲಿಡಕೂಡದು ಎಂದೆ. ಅಕ್ಕ ಗೋಡೆಗೆ ತಲೆ ಆನಿಸಿದಳು.

"ಆಯ್ತು, ನಾನೋಗಲ್ಲ. ಕೆಳುಗಡೆ ತಾಕು ಅಳ್ಳಿ ನಿಂತದೆ. ನನ್ ಸಾಲ್ಗೆ ಇನ್ಯಾರ ಮಗ್ಳ ನಿಲ್ಲುಸ್ತೀಯಪ್ಪ?"

ಮೂಗಿಗೆ ಟವೆಲು ಕಟ್ಟಿಕೊಂಡು ನಾನೇ ಹೋದೆ. ಏಳು ಹೆಂಗಸರು ಸಾಲಿನಲ್ಲಿದ್ದರು. ಸೂಪರ್‌ವೈಸರು ಕೈಗೆ ಬಟ್ಟೆ ಸುತ್ತಿಕೊಳ್ಳುವುದನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅಕ್ಕನ ಸಾಲು ಹಿಡಿದೆ. ಹೂವು ಸರಿಯಾಗಿ ಮುಖದ ಎತ್ತರಕ್ಕೆ ಇರುತ್ತದೆ. ಸವರಿದಾಗಲೆಲ್ಲ ಪುಡಿ ಕಣ್ಣಿಗೆ, ಟವೆಲಿನ ಒಳಕ್ಕೆ ಬರುತ್ತದೆ. ಅರ್ಧ ಸಾಲು ಮುಗಿಸುವಷ್ಟರಲ್ಲಿ ಕಣ್ಣು ಊದಿಕೊಂಡವು, ಗಂಟಲು ಬಿಗಿಯಿತು. ಪಕ್ಕದ ಸಾಲಿನಲ್ಲಿ ಕಾಳಮ್ಮ ಹೆಗಲಿಗೆ ಮುಖ ಒರೆಸಿಕೊಳ್ಳುತ್ತಾ ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದಳು. ಅವಳ ಕಣ್ಣೂ ಕೆಂಡದಂತಿದ್ದವು. ಅವಳ ಹಿಂದಿನವಳದೂ ಹಾಗೆಯೇ. ಎಲ್ಲರಿಗೂ ಹಾಗೆಯೇ ಇತ್ತು, ಆದರೂ ಯಾರ ಕೈಯೂ ನಿಂತಿರಲಿಲ್ಲ. ನಿಲ್ಲಿಸಿ ಎಂದು ಹೇಳಬೇಕಾದವನು ನಾನಾಗಿದ್ದೆ.

ಸಾಕು, ಎಲ್ಲರೂ ಈಚೆಗೆ ಬನ್ನಿ ಎಂದು ಕೂಗಿದೆ. ಗಂಟೆ ಹತ್ತೂ ಆಗಿರಲಿಲ್ಲ, ಪುಡಿ ಚೆನ್ನಾಗಿ ಉದುರುವ ಹೊತ್ತು. ಆ ಹೊತ್ತಿನಲ್ಲಿ ಅವರನ್ನು ಯಾರೂ ಈಚೆಗೆ ಕರೆದದ್ದಿಲ್ಲ. ಏಳೂ ಜನ ಬಂದು ತಲೆ ತಗ್ಗಿಸಿಕೊಂಡು ಸಾಲಾಗಿ ನಿಂತರು. ಕಾಳಮ್ಮ ಕೇಳಿದಳು.

"ಯಾಕ್ ಬುದ್ಧಿ, ನಾವೇನ್ ತಪ್ ಮಾಡುದ್ವಿ?"